ಮುಖ ಬಿಳಿಚಿಕೊಂಡ ತತ್ತ್ವಜ್ಞಾನಿ

ಸ್ಟೋಯಿಕ್ ತತ್ತ್ವಕ್ಕೆ ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಬಂದಿರುವ ಹೆಸರು ಅದಕ್ಕೆ ಸಲ್ಲಬೇಕಾದ ಹೆಸರಲ್ಲ. ರಯಾನ್ ಹಾಲಿಡೇ ಅವರ 'ದಿ ಅಬ್‌ಸ್ಟಕಲ್ ಈಸ್ ದಿ ವೇ' (2014), ಆಮೇಲಿನ 'ದಿ ಡೈಲಿ ಸ್ಟೋಯಿಕ್' (2016), ಅವುಗಳ ಬೆನ್ನಿಗೆ ಬಂದ ಹತ್ತಾರು ಪುಸ್ತಕಗಳು ಸೇರಿ ಎಪಿಕ್ಟೀಟಸ್, ಸೆನೆಕಾ, ಮಾರ್ಕಸ್ ಅರೀಲಿಯಸ್ ಮೂವರನ್ನೂ ಆಟಗಾರರಿಗೆ, ಹೂಡಿಕೆದಾರರಿಗೆ, ಕಂಪನಿ ನಡೆಸುವವರಿಗೆ ಮನಸ್ಸು ಗಟ್ಟಿಮಾಡಿಕೊಡುವ ತರಬೇತುದಾರರನ್ನಾಗಿ ಮಾಡಿಬಿಟ್ಟಿವೆ. ಎಲ್ಲರ ಬಾಯಲ್ಲೂ ಒಂದೇ ಮಾತು: ನಿಮ್ಮ ಕೈಯಲ್ಲಿರುವುದನ್ನು ಹಿಡಿದುಕೊಳ್ಳಿ, ಇಲ್ಲದ್ದನ್ನು ಬಿಡಿ, ಶಾಂತವಾಗಿರಿ. ಈ ಮಾತು ಸುಳ್ಳಲ್ಲ. ಆದರೆ ಇದನ್ನೇ ತಿರುಳೆಂದು ಹೊಗಳುವವರು ಸ್ಟೋಯಿಕರ ಮನಶ್ಶಾಸ್ತ್ರವನ್ನು ಗಂಭೀರವಾಗಿ ತೆಗೆದುಕೊಂಡೇ ಇಲ್ಲ. ಪಂಥ ಹುಟ್ಟಿದ ಕಥೆ, ಝೀನೋ, ಅಥೆನ್ಸಿನ ಮೊಗಸಾಲೆ, ಇವೆಲ್ಲ ಓದುಗರಿಗೆ ಗೊತ್ತಿರುವಂಥವೇ. ಅವನ್ನು ಬಿಟ್ಟು, ಈ ಪುಸ್ತಕಗಳಲ್ಲಿ ಸಿಗಬೇಕಾದಷ್ಟು ಜಾಗ ಸಿಗದ ಒಂದು ಪ್ರಸಂಗಕ್ಕೆ ನೇರವಾಗಿ ಹೋಗುತ್ತೇನೆ.

ಕ್ರಿಸ್ತಶಕ ಎರಡನೆಯ ಶತಮಾನದ ರೋಮನ್ ಲೇಖಕ ಅವ್ಲಸ್ ಗೆಲ್ಲಿಯಸ್ ತನ್ನ 'ಅಟ್ಟಿಕ್ ರಾತ್ರಿಗಳು' ಕೃತಿಯ ಹತ್ತೊಂಬತ್ತನೆಯ ಸಂಪುಟದ ಮೊದಲಲ್ಲೇ ಇದನ್ನು ಹೇಳುತ್ತಾನೆ. ಕಾಸಿಯೋಪದಿಂದ ಬ್ರಂಡೀಸಿಯಮ್ಮಿಗೆ ಹೊರಟ ಹಡಗು. ಅಯೋನಿಯನ್ ಕಡಲಿನಲ್ಲಿ ರಾತ್ರಿ ಬಿರುಗಾಳಿ ಎದ್ದು ಹಡಗಿನೊಳಕ್ಕೆ ನೀರು ನುಗ್ಗುತ್ತದೆ. ಅಥೆನ್ಸಿನಲ್ಲಿ ಹೆಸರು ಮಾಡಿದ್ದ ಸ್ಟೋಯಿಕ್ ಗುರುವೊಬ್ಬ ಅದೇ ಹಡಗಿನಲ್ಲಿದ್ದಾನೆ. ಗೆಲ್ಲಿಯಸ್ ಅವನ ಮುಖವನ್ನೇ ನೋಡುತ್ತಾನೆ. ಗುರು ಉಳಿದವರಂತೆ ಗೋಳಾಡುವುದಿಲ್ಲ, ಆದರೆ ಮುಖದ ಬಣ್ಣ ಮಾತ್ರ ಎಲ್ಲರಂತೆಯೇ ಇಳಿದುಹೋಗಿದೆ. ಗಾಳಿ ನಿಂತ ಮೇಲೆ ಏಷ್ಯಾದ ಸಿರಿವಂತ ಗ್ರೀಕನೊಬ್ಬ ಆಳುಕಾಳುಗಳೊಂದಿಗೆ ಬಂದು ಕೆಣಕುತ್ತಾನೆ: ನನಗೇ ಹೆದರಿಕೆಯಾಗಲಿಲ್ಲ, ತತ್ತ್ವಜ್ಞಾನಿಯಾದ ನೀನು ಬಿಳಿಚಿಕೊಂಡೆಯಲ್ಲ? ಗುರು ಅವನಿಗೆ ಹಿಂದೆ ತತ್ತ್ವಜ್ಞಾನಿ ಅರಿಸ್ಟಿಪ್ಪಸ್ ಇಂಥದೇ ಸಂದರ್ಭದಲ್ಲಿ ಕೊಟ್ಟಿದ್ದ ಉತ್ತರವನ್ನೇ ಕೊಡುತ್ತಾನೆ: ಕೆಲಸಕ್ಕೆ ಬಾರದವನೊಬ್ಬನ ಜೀವಕ್ಕಾಗಿ ನೀನು ಹೆದರಬೇಕಾಗಿರಲಿಲ್ಲ, ನಾನು ಹೆದರಿದ್ದು ಅರಿಸ್ಟಿಪ್ಪಸನ ಜೀವಕ್ಕೆ. ಹಡಗು ದಡ ಸೇರುವ ಹೊತ್ತಿಗೆ ಗೆಲ್ಲಿಯಸ್ ವಿನಯದಿಂದ ಅದೇ ಪ್ರಶ್ನೆ ಕೇಳುತ್ತಾನೆ. ಆಗ ಗುರು ತನ್ನ ಗಂಟಿನಿಂದ ಒಂದು ಪುಸ್ತಕ ತೆಗೆಯುತ್ತಾನೆ. ಅದು ಅರಿಯನ್ ಬರೆದಿಟ್ಟ ಎಪಿಕ್ಟೀಟಸನ ಪ್ರವಚನಗಳ ಐದನೆಯ ಭಾಗ.

ಆ ಭಾಗ ಇಂದು ನಮಗಿಲ್ಲ. ಉಳಿದಿರುವುದು ಮೊದಲ ನಾಲ್ಕು ಭಾಗಗಳು ಮಾತ್ರ. ಗೆಲ್ಲಿಯಸ್ ಓದಿ ಬರೆದಿಟ್ಟ ಸಾರಾಂಶ ಇದು: ಸಿಡಿಲು ಬಡಿದಾಗ, ಏನೋ ಕುಸಿದಾಗ, ಅಪಾಯದ ಸುದ್ದಿ ಥಟ್ಟನೆ ಬಂದಾಗ ಜ್ಞಾನಿಯ ಮನಸ್ಸೂ ಕ್ಷಣಕಾಲ ಕುಗ್ಗುತ್ತದೆ, ಮುಖ ಬಿಳಿಚಿಕೊಳ್ಳುತ್ತದೆ. ಬುದ್ಧಿ ಕೆಲಸ ಶುರುಮಾಡುವ ಮೊದಲೇ ಆಗಿಹೋಗುವ ಚಲನೆ ಅದು. ಮನಸ್ಸಿಗೆ ಬಂದು ತಾಗುವ ತೋರಿಕೆ ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ನಮ್ಮದಾಗಿರುವುದು ಆ ತೋರಿಕೆಗೆ ಕೊಡುವ ಅಥವಾ ಕೊಡದಿರುವ ಸಮ್ಮತಿ. ಮೊದಲ ಪೆಟ್ಟಿಗೆ ಹೇಗೆ ಕಂಡಿತೋ ಅದು ಹಾಗೆಯೇ ಇದೆ, ಇದು ನಿಜವಾಗಿಯೂ ಕೇಡು ಎಂದು ಮೂಢ ಒಪ್ಪಿಬಿಡುತ್ತಾನೆ. ಜ್ಞಾನಿ ಒಪ್ಪುವುದಿಲ್ಲ. ಇಬ್ಬರ ನಡುವೆ ಇರುವ ವ್ಯತ್ಯಾಸ ಇಷ್ಟೇ.

ಇಂದಿನ ಸ್ವಯಂಸುಧಾರಣೆಯ ಅಳತೆಗೋಲು ಹಿಡಿದರೆ ಆ ಹಡಗಿನಲ್ಲಿ ಸ್ಟೋಯಿಕ್ ಯಾರು? ಸಿರಿವಂತ ಗ್ರೀಕನೇ. ಅವನಿಗೆ ಎದೆ ನಡುಗಲಿಲ್ಲ, ಬಣ್ಣ ಮಾಸಲಿಲ್ಲ, ನಿದ್ದೆ ಕೆಟ್ಟಿತೋ ಇಲ್ಲವೋ ತಿಳಿಯದು. ಎಪಿಕ್ಟೀಟಸನ ಲೆಕ್ಕದಲ್ಲಿ ಅವನ ಈ ಸಮಾಧಾನಕ್ಕೆ ಬೆಲೆಯೇ ಇಲ್ಲ. ಏಕೆಂದರೆ ಅವನು ಯಾವ ತೋರಿಕೆಯನ್ನೂ ಪರೀಕ್ಷಿಸಲಿಲ್ಲ. ಕಥನದಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಗುರುವಿನ ಮುಖ ಉಳಿದವರಂತೆಯೇ ಇತ್ತು, ಬಾಯಿ ಮಾತ್ರ ಬೇರೆಯಾಗಿತ್ತು. ಗೋಳಾಡುವುದೆಂದರೆ ಕೇಡು ಬಂತೆಂದು ಒಪ್ಪಿಕೊಂಡು ಆಡಿದ ಮಾತು. ಬಿಳಿಚಿಕೊಳ್ಳುವುದು ಮಾತಲ್ಲ, ಅದರಲ್ಲಿ ಯಾವ ಅಭಿಪ್ರಾಯವೂ ಇಲ್ಲ. ಪ್ರವಚನದ ಇಡೀ ಸಿದ್ಧಾಂತ ಆ ಒಂದು ರಾತ್ರಿಯಲ್ಲಿ ಒಬ್ಬನ ಮುಖ ಮತ್ತು ಬಾಯಿಯ ನಡುವೆ ಇದೆ. ಸೆನೆಕಾ ಕೂಡ ಕೋಪವನ್ನು ಕುರಿತ ಗ್ರಂಥದ ಎರಡನೆಯ ಭಾಗದಲ್ಲಿ ಇದನ್ನೇ ಸ್ಪಷ್ಟಪಡಿಸುತ್ತಾನೆ. ತಣ್ಣೀರು ಎರಚಿದಾಗ ಮೈ ಜುಮ್ಮೆನ್ನುವುದನ್ನು ಯಾವ ಉಪದೇಶವೂ ತಡೆಯಲಾರದು. ಅನ್ಯಾಯದ ಮೊದಲ ಚುಚ್ಚು ಕೂಡ ಹಾಗೆಯೇ, ಮನಸ್ಸು ಹೌದೆನ್ನುವ ತನಕ ಅದು ಕೋಪವಲ್ಲ.

ಇಲ್ಲಿಯೇ ನನ್ನ ತಕರಾರು ಗಟ್ಟಿಯಾಗುವುದು. ಗಡ್ಡೆಯ ಪರೀಕ್ಷೆ ಮಾಡಿಸಿ ವರದಿಗಾಗಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತ ಹೆಂಗಸಿಗೆ ಕೈ ನಡುಗುತ್ತದೆ, ಬಾಯಿ ಒಣಗುತ್ತದೆ. 'ಇದು ನಿಮ್ಮ ಕೈಯಲ್ಲಿಲ್ಲ, ಚಿಂತೆ ಬಿಡಿ' ಎಂಬ ದಿನಕ್ಕೊಂದು ಪುಟದ ಉಪದೇಶವನ್ನು ಅವಳು ನಂಬಿದ್ದರೆ, ಆ ನಡುಗುವ ಕೈ ಅವಳಿಗೆ ತನ್ನ ಸೋಲಿನ ಸಾಕ್ಷಿಯಾಗಿ ಕಾಣುತ್ತದೆ. ರೋಗದ ಭಯದ ಮೇಲೆ ದುರ್ಬಲಳೆಂಬ ನಾಚಿಕೆಯೂ ಸೇರುತ್ತದೆ. ಎಪಿಕ್ಟೀಟಸ್ ಅವಳಿಗೆ ಇಂಥ ಹೊರೆ ಹೊರಿಸಲಿಲ್ಲ. ಶಾಂತಿಯನ್ನು ಮಾರುವವರು ಹೊರಿಸಿದ್ದಾರೆ, ಇದನ್ನು ನಾನು ಸಣ್ಣ ತಪ್ಪೆಂದು ಬಿಡಲಾರೆ.

ಈ ತಪ್ಪಿಗೆ ವಿದ್ವತ್ತಿನ ಮುದ್ರೆ ಒತ್ತಿದವರಲ್ಲಿ ವಿಲಿಯಂ ಅರ್ವಿನ್ ಮುಖ್ಯರು. 'ಎ ಗೈಡ್ ಟು ದಿ ಗುಡ್ ಲೈಫ್' (2009) ಪುಸ್ತಕದಲ್ಲಿ ಅವರು ಎಪಿಕ್ಟೀಟಸನ ವಿಂಗಡಣೆ ಸಾಲದೆಂದು ಮೂರನೆಯ ವರ್ಗವೊಂದನ್ನು ಸೇರಿಸುತ್ತಾರೆ: ಸ್ವಲ್ಪ ನಮ್ಮ ಕೈಯಲ್ಲಿರುವುದು, ಸ್ವಲ್ಪ ಇಲ್ಲದಿರುವುದು. ಉದಾಹರಣೆ ಟೆನಿಸ್. ಗೆಲ್ಲುವುದನ್ನು ಗುರಿ ಮಾಡಿಕೊಳ್ಳಬೇಡಿ, ಚೆನ್ನಾಗಿ ಆಡುವುದನ್ನು ಗುರಿ ಮಾಡಿಕೊಳ್ಳಿ, ಸೋತರೂ ಮನಸ್ಸು ಕೆಡುವುದಿಲ್ಲ ಎನ್ನುತ್ತಾರೆ. ಎಪಿಕ್ಟೀಟಸನೂ ಪ್ರವಚನಗಳ ಎರಡನೆಯ ಭಾಗದಲ್ಲಿ ಚೆಂಡಾಟದ ಮಾತು ತೆಗೆಯುತ್ತಾನೆ. ಆದರೆ ಅಲ್ಲಿ ಆಡುವವನು ನ್ಯಾಯಾಲಯದಲ್ಲಿ ನಿಂತ ಸಾಕ್ರೆಟೀಸ್. ಅವನ ಚೆಂಡು ಸೆರೆವಾಸ, ಗಡೀಪಾರು, ವಿಷದ ಬಟ್ಟಲು, ಅನಾಥರಾಗಲಿರುವ ಮಕ್ಕಳು. ಸಾಕ್ರೆಟೀಸ್ ತನ್ನ ನಿರಾಸೆ ತಗ್ಗಿಸಿಕೊಳ್ಳಲು ಗುರಿ ಬದಲಿಸಿದವನಲ್ಲ. ಸಾವು ಕೇಡೆಂಬ ತೋರಿಕೆ ಸುಳ್ಳೆಂದು ಕಂಡು ಅದಕ್ಕೆ ಸಮ್ಮತಿ ಕೊಡದವನು. ಅರ್ವಿನ್ ಸತ್ಯದ ಪ್ರಶ್ನೆಯನ್ನು ನೆಮ್ಮದಿಯ ಪ್ರಶ್ನೆಯಾಗಿ ಬದಲಿಸಿದರು. ಹಾಲಿಡೇ ಅವರ ಪುಸ್ತಕದ ಹೆಸರಿಗೂ ಅದೇ ಗತಿ. ಅಡ್ಡಿಯೇ ದಾರಿಯಾಗುತ್ತದೆಂಬ ಆ ಮಾತು ಮಾರ್ಕಸ್ ಅರೀಲಿಯಸನ ಐದನೆಯ ಪುಸ್ತಕದ ಒಂದು ಟಿಪ್ಪಣಿಯದು. ಆ ಟಿಪ್ಪಣಿ ಶುರುವಾಗುವುದೇ ಮನುಷ್ಯರು ನನಗೆ ಹತ್ತಿರದವರು, ಅವರಿಗೆ ಒಳಿತು ಮಾಡುವುದು, ಅವರನ್ನು ಸೈರಿಸುವುದು ನನ್ನ ಕರ್ತವ್ಯ ಎಂಬಲ್ಲಿಂದ. ಮೊದಲರ್ಧ ಬಿದ್ದುಹೋಗಿ, ಉಳಿದರ್ಧ ಯಶಸ್ಸಿನ ಸೂತ್ರವಾಯಿತು.

ನಮ್ಮಲ್ಲಿ ಕೆಲವರದು ಇನ್ನೊಂದು ದಾರಿ. ಸ್ಟೋಯಿಕರ ಮಾತೆತ್ತಿದ ಕೂಡಲೇ, ಇದೆಲ್ಲ ಗೀತೆಯ ಸ್ಥಿತಪ್ರಜ್ಞನಲ್ಲೇ ಇದೆಯಲ್ಲ ಎಂದು ಚರ್ಚೆ ಮುಗಿಸಿಬಿಡುತ್ತಾರೆ. ಇದರಿಂದ ಎರಡಕ್ಕೂ ಅನ್ಯಾಯವಾಗುತ್ತದೆ. ಗೀತೆಯ ಎರಡನೆಯ ಅಧ್ಯಾಯದಲ್ಲಿ ಇಂದ್ರಿಯಗಳು ಮನಸ್ಸನ್ನು ಎಳೆದೊಯ್ಯುವ ಶಕ್ತಿಗಳು. ಆಮೆ ಅಂಗಗಳನ್ನು ಒಳಸೆಳೆದುಕೊಳ್ಳುವಂತೆ ಅವನ್ನು ವಿಷಯಗಳಿಂದ ಹಿಂದಕ್ಕೆ ತೆಗೆಯಬೇಕು. ಕಠೋಪನಿಷತ್ತಿನಲ್ಲಿ ಅವೇ ಕುದುರೆಗಳು, ಬುದ್ಧಿ ಸಾರಥಿ. ಪ್ಲೇಟೋನ ಆತ್ಮಕ್ಕೂ ರಥವಿದೆ, ಕುದುರೆಗಳಿವೆ. ಸ್ಟೋಯಿಕ್ ಪಂಥದ ಕ್ರಿಸಿಪ್ಪಸ್ ಈ ಚಿತ್ರವನ್ನು ಒಪ್ಪಲಿಲ್ಲ. ಅವನ ಪ್ರಕಾರ ದೊಡ್ಡವರ ಮನಸ್ಸಿನಲ್ಲಿ ವಿಚಾರಕ್ಕೆ ಹೊರತಾದ ಭಾಗವೇ ಇಲ್ಲ. ಭಯ, ಕಾಮ, ಕೋಪ ಎಲ್ಲವೂ ತಪ್ಪು ತೀರ್ಮಾನಗಳು, ಅದೇ ಮನಸ್ಸು ತೆಗೆದುಕೊಂಡವು. ಕಡಿವಾಣ ಹಾಕಲು ಅಲ್ಲಿ ಬೇರೆ ಕುದುರೆಯಿಲ್ಲ. ನನ್ನ ಕೋಪ ನನ್ನನ್ನು ಎಳೆದೊಯ್ಯಿತೆಂದು ಸ್ಟೋಯಿಕ್ ಹೇಳುವಂತಿಲ್ಲ. ನಾನೇ ಹೌದೆಂದೆ ಎಂದು ಅವನು ಒಪ್ಪಿಕೊಳ್ಳಬೇಕು. ಇದು ಗೀತೆಗಿಂತ ಮೇಲೆಂದೋ ಕೆಳಗೆಂದೋ ನಾನು ಹೇಳುತ್ತಿಲ್ಲ, ಬೇರೆ ಎನ್ನುತ್ತಿದ್ದೇನೆ. ಈ ವ್ಯತ್ಯಾಸ ಅಳಿಸಿ ಮಾಡುವ ಹೋಲಿಕೆ ತೌಲನಿಕ ಅಧ್ಯಯನವಲ್ಲ, ಓದದಿರುವುದಕ್ಕೆ ಹುಡುಕಿದ ನೆಪ.

ಸ್ಟೋಯಿಕರನ್ನು ಬಳಸಿಕೊಂಡವರೆಲ್ಲ ಕೆಡಿಸಿದರೆಂದಲ್ಲ. 1950ರ ದಶಕದಲ್ಲಿ ಆಲ್ಬರ್ಟ್ ಎಲ್ಲಿಸ್, ಆಮೇಲೆ ಆರನ್ ಬೆಕ್ ತಮ್ಮ ಚಿಕಿತ್ಸಾ ಪದ್ಧತಿಗಳಿಗೆ ಸ್ಟೋಯಿಕರ ಋಣವನ್ನು ಒಪ್ಪಿಕೊಂಡರು. ರೋಗಿಯ ಮನಸ್ಸಿನಲ್ಲಿ ತಾನಾಗಿ ಮೂಡುವ ಯೋಚನೆಯನ್ನು ಎದುರಿಗಿಟ್ಟುಕೊಂಡು 'ಇದು ನಿಜವೇ, ಪುರಾವೆ ಏನು' ಎಂದು ಬೆಕ್ ಕೇಳಿಸಿದ್ದು ಎಪಿಕ್ಟೀಟಸನ ಪರೀಕ್ಷೆಗೆ ಹತ್ತಿರದ್ದು. ಆ ಯೋಚನೆ ಮೂಡಿದ್ದಕ್ಕೇ ಅವರು ರೋಗಿಯನ್ನು ತಪ್ಪಿತಸ್ಥನನ್ನಾಗಿ ಮಾಡಲಿಲ್ಲ.

ಓದುಗರಲ್ಲಿ ನನ್ನ ವಿನಂತಿ ಇಷ್ಟೆ. ದಿನಕ್ಕೊಂದು ಪುಟದ ಪುಸ್ತಕಗಳನ್ನು ಪಕ್ಕಕ್ಕಿಡಿ. ಗೆಲ್ಲಿಯಸನ ಆ ಅಧ್ಯಾಯವನ್ನು ಮೊದಲು ಓದಿ, ಆಮೇಲೆ ಎಪಿಕ್ಟೀಟಸನ ಪ್ರವಚನಗಳ ಮೊದಲ ಎರಡು ಭಾಗಗಳನ್ನು ಓದಿ. ಕಷ್ಟದ ಗಳಿಗೆಯಲ್ಲಿ ಕೈ ನಡುಗಿದರೆ ನಡುಗಲಿ, ಕಂಡದ್ದು ನಿಜವೇ ಎಂದು ಕೇಳುವುದನ್ನು ಮಾತ್ರ ಬಿಡಬೇಡಿ.