ಪಿಡಿಎಫ್ ಪಾಠಶಾಲೆ

ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂತೆಂದರೆ ಹೈಸ್ಕೂಲು ಶಿಕ್ಷಕರ ವಾಟ್ಸಾಪ್ ಗುಂಪುಗಳಲ್ಲಿ ಪಿಡಿಎಫ್ ಜಾತ್ರೆ ಶುರು. ಪಾಸಿಂಗ್ ಪ್ಯಾಕೇಜ್, ಒಂದು ಅಂಕದ ಪ್ರಶ್ನೋತ್ತರ, ನೀಲನಕ್ಷೆ, ಮಾದರಿ ಪತ್ರಿಕೆ. ಮೂಲ ಹುಡುಕುತ್ತ ಹೋದರೆ ಎಷ್ಟೋ ಸಲ ಸಿಗುವುದು ಯಾರೋ ಶಿಕ್ಷಕರ ಬ್ಲಾಗು. ಸಂಬಳದ ಕೆಲಸ ಮುಗಿಸಿ, ನಿದ್ದೆಗೆಟ್ಟು ಇವನ್ನು ನಡೆಸುವವರ ಉಪಕಾರ ಸಣ್ಣದಲ್ಲ. ಗೈಡು ಕೊಳ್ಳಲಾಗದ ಮನೆಯ ಹುಡುಗಿಗೆ ಆ ನಾಲ್ಕು ಹಾಳೆಯೇ ಆಧಾರ. ಆದರೂ ನನ್ನ ತಕರಾರೊಂದಿದೆ. ಬರೆಯಲೆಂದು ಹುಟ್ಟಿದ ಬ್ಲಾಗು ನಮ್ಮ ಶಾಲೆಗಳ ಪಾಲಿಗೆ ಇಳಿಸಿಕೊಳ್ಳುವ ಗೋದಾಮಾಗಿ ಕೂತಿದೆ.

ಇದಕ್ಕೆ ಅರ್ಧ ಕಾರಣ ಫಾಂಟು. ಶಿಕ್ಷಕರು ವರ್ಷಾನುಗಟ್ಟಲೆ ಪ್ರಶ್ನೆಪತ್ರಿಕೆ, ಟಿಪ್ಪಣಿಗಳನ್ನು ಟೈಪು ಮಾಡಿದ್ದು ಯೂನಿಕೋಡ್ ಅಲ್ಲದ ಹಳೆಯ ನುಡಿ, ಬರಹ ಫಾಂಟುಗಳಲ್ಲಿ. ಆ ಬರಹವನ್ನು ಹಾಗೇ ಬ್ಲಾಗಿಗೆ ಅಂಟಿಸಿದರೆ ಕನ್ನಡ ಮಾಯವಾಗಿ ಕೊಂಬು-ಬಾಲ ಹೊತ್ತ ಇಂಗ್ಲಿಷ್ ಅಕ್ಷರಗಳು ಮೂಡುತ್ತವೆ. ಪರಿವರ್ತಕ ಬಳಸಬಹುದು, ಆಮೇಲೆ ಒತ್ತಕ್ಷರ ತಿದ್ದುತ್ತ ಕೂರಬೇಕು. ಪಿಡಿಎಫ್ ಮಾಡಿದರೆ ಈ ರಗಳೆಯಿಲ್ಲ. ಆದರೆ ಅದರಲ್ಲಿ ಉತ್ತರ ತಪ್ಪಿದ್ದರೆ ಓದಿದವರು ತಿದ್ದುವಂತಿಲ್ಲ. ತಪ್ಪು ತಪ್ಪಾಗಿಯೇ ಜಿಲ್ಲೆಯಿಂದ ಜಿಲ್ಲೆಗೆ ಫಾರ್ವರ್ಡ್ ಆಗುತ್ತದೆ.

ಹೀಗಿರುವಾಗ ನಮ್ಮಲ್ಲಿ ಸರಿಯಾದ ದಿಕ್ಕಿನಲ್ಲಿ ನಡೆದ ಪ್ರಯತ್ನವೆಂದರೆ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣ, ಚಿಕ್ಕದಾಗಿ ಕೋಯರ್. ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ), ಪ್ರೌಢಶಿಕ್ಷಣ ಯೋಜನೆಯಾದ ಆರ್‌ಎಂಎಸ್‌ಎ ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ 2013ರಲ್ಲಿ ಆರಂಭಿಸಿದ್ದು. ವಿಕಿಪೀಡಿಯ ನಡೆಯುವ ಮೀಡಿಯಾವಿಕಿ ತಂತ್ರಾಂಶವೇ ಇದಕ್ಕೂ ತಳಹದಿ. ಶಿಕ್ಷಕರೇ ಪುಟ ಬರೆಯಬಹುದು, ಬೇರೆಯವರದನ್ನು ತಿದ್ದಬಹುದು, ಯಾರು ಏನು ಬದಲಿಸಿದರೆಂದು ಪುಟದ ಇತಿಹಾಸದಲ್ಲಿ ನೋಡಬಹುದು. ಸರ್ಕಾರಿ ಶಾಲೆಯ ಶಿಕ್ಷಕರನ್ನು ಪಾಠದ ಕರ್ತೃಗಳೆಂದು ನಂಬಿದ್ದು ಈ ತಾಣದ ದೊಡ್ಡತನ.

ಗಣಿತದ ಪುಟಗಳಲ್ಲಿ ಆ ನಂಬಿಕೆ ಫಲ ಕೊಟ್ಟಿದೆ. ಜಿಯೋಜಿಬ್ರಾ ಎಂಬ ಗಣಿತ ತಂತ್ರಾಂಶದಲ್ಲಿ ತ್ರಿಭುಜದ ಒಂದು ತುದಿ ಹಿಡಿದು ಎಳೆದರೆ ಮೂರು ಕೋನಗಳೂ ಬದಲಾಗುತ್ತವೆ, ಮೊತ್ತ ಮಾತ್ರ 180 ಡಿಗ್ರಿಯಲ್ಲೇ ನಿಲ್ಲುತ್ತದೆ. ಕಪ್ಪುಹಲಗೆಯ ಮೇಲೆ ಸೀಮೆಸುಣ್ಣ ಇದನ್ನು ಮಾಡಲಾರದು. ಸಮಾಜ ವಿಜ್ಞಾನ, ಕನ್ನಡದ ಕಡೆ ಹೋದರೆ ಸೊರಗು ಕಾಣುತ್ತದೆ. ಪರಿಕಲ್ಪನಾ ನಕ್ಷೆ, ಕಲಿಕೆಯ ಉದ್ದೇಶಗಳು, ಶಿಕ್ಷಕರ ಟಿಪ್ಪಣಿ, ಚಟುವಟಿಕೆ, ಅಂದಾಜು ಸಮಯ ಎಂದು ಶೀರ್ಷಿಕೆಗಳು ಸಾಲಾಗಿ ನಿಂತಿವೆ. ಎಷ್ಟೋ ಪುಟಗಳಲ್ಲಿ ಅವುಗಳ ಕೆಳಗೆ ಏನೂ ಇಲ್ಲ. ಇಲಾಖೆಯ ನಮೂನೆ ತುಂಬುವ ಅಭ್ಯಾಸ ವಿಕಿಯನ್ನೂ ಬಿಡಲಿಲ್ಲ. ಪಾಠದಲ್ಲಿ ಮಕ್ಕಳು ಎಲ್ಲಿ ಎಡವಿದರು, ಏನು ಕೇಳಿದರು ಎಂಬ ಅನುಭವ ಬರೆಯಲು ಆ ನಮೂನೆಯಲ್ಲಿ ಸರಿಯಾದ ಜಾಗವೇ ಇರಲಿಲ್ಲ.

2017ರ ಸೆಪ್ಟೆಂಬರ್ 5ರಂದು ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕಾ ವೇದಿಕೆ ದೀಕ್ಷಾ ಬಂತು. ಅದರ ಸಿದ್ಧ ವಿಡಿಯೋಗಳಿಗೆ ದಾರಿ ತೋರುವ ಕ್ಯೂಆರ್ ಕೋಡ್ ಪಠ್ಯಪುಸ್ತಕಗಳಲ್ಲಿ ಮೂಡಿತು. ಶಿಕ್ಷಕರ ಕೆಲಸ ಬಟನ್ ಒತ್ತುವಷ್ಟಕ್ಕೆ ಇಳಿಯಿತು. ಕೊರೋನಾ ಕಾಲದ ಕಥೆ ಎಲ್ಲರಿಗೂ ಗೊತ್ತು: ದೂರದರ್ಶನದ ಚಂದನ ವಾಹಿನಿಯಲ್ಲಿ ಪಾಠ, ಅಪ್ಪನ ಜೊತೆ ಹೊಲಕ್ಕೆ ಹೋದ ಮೊಬೈಲು. ಕೊನೆಗೆ, ಶಾಲೆ ಮುಚ್ಚಿದಾಗ ಮಕ್ಕಳಿದ್ದಲ್ಲಿಗೇ ಪಾಠ ಒಯ್ಯುವ 2020ರ ವಿದ್ಯಾಗಮ ಯೋಜನೆಯಲ್ಲಿ ಶಿಕ್ಷಕರು ಗುಡಿಕಟ್ಟೆ, ಮರದ ನೆರಳು ಹುಡುಕಿಕೊಂಡು ಹೋಗಬೇಕಾಯಿತು.

ಈಗ ಬಳ್ಳಾರಿಯ ಮೋಕದಂಥ ಊರನ್ನು ಇಟ್ಟುಕೊಂಡು ಯೋಚಿಸಿ. ಆಂಧ್ರದ ಗಡಿ ಹತ್ತಿರ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಬೀದಿಯಲ್ಲಿ ಎರಡೂ ಬೆರೆತ ಮಾತು ಈ ಸೀಮೆಗೆ ಸಹಜ. ಹತ್ತಿ, ಮೆಣಸಿನಕಾಯಿ ಬಿಡಿಸುವ ಕಾಲಕ್ಕೆ ಹಾಜರಿ ಇಳಿಯುವುದೂ ಸಹಜ. ಕ್ಯೂಆರ್ ಕೋಡಿನ ಆಚೆಯ ವಿಡಿಯೋ ಮಾತಾಡುವುದು ಇಡೀ ರಾಜ್ಯಕ್ಕೆ ಹೊಲಿದ ಒಂದೇ ಅಳತೆಯ ಕನ್ನಡ. ವರ್ಷದ ಬಹುಪಾಲು ಬರೀ ಮರಳು ತೋರುವ ಹಗರಿ ನದಿ ಆ ವಿಡಿಯೋಗಳಲ್ಲಿ ಬಂದರೂ ವೇದಾವತಿ ಎಂಬ ಹೆಸರಲ್ಲಿ, ನಕ್ಷೆಯ ನೀಲಿಗೆರೆಯಾಗಿ ಬಂದೀತು.

ಅದರ ಬದಲು, ಕೋಯರ್‌ನಂಥ ವಿಕಿಯಲ್ಲಿ ಹಗರಿಯ ಬಗ್ಗೆ ಎಂಟನೇ ತರಗತಿಯ ಮಕ್ಕಳೇ ಬರೆಯಲಿ. ಹೊಳೆ ಕಡೇ ಸಲ ಯಾವಾಗ ತುಂಬಿ ಬಂತು, ಮರಳು ಎತ್ತಿದ ಮೇಲೆ ಬಾವಿಗಳು ಏನಾದವು, ಅಜ್ಜಿ ಹೊಳೆ ದಾಟುತ್ತಿದ್ದುದು ಹೇಗೆ ಎಂದು ಮನೆಯಲ್ಲಿ ಕೇಳಿ ಬರಲಿ. ಕಂಪ್ಯೂಟರ್ ಕೋಣೆಗೆ ಬೀಗ ಬಿದ್ದಿದ್ದರೂ ಸರಿ, ಮೊದಲು ನೋಟ್‌ಬುಕ್ಕಿನಲ್ಲಿ ಬರೆದು, ಶಿಕ್ಷಕರ ಒಂದೇ ಮೊಬೈಲಿಗೆ ಓದಿ ಹೇಳಿದರೆ ಸಾಕು. ಧ್ವನಿಯಿಂದ ಟೈಪು ಮಾಡುವ ಸೌಲಭ್ಯ ಕನ್ನಡಕ್ಕೂ ಇದೆ. ಬಳ್ಳಾರಿಯ ಆಡುಮಾತು ಕೇಳಿ ಅದು ತಬ್ಬಿಬ್ಬಾಗಿ ಏನೇನೋ ಬರೆಯುತ್ತದೆ, ಖರೆ. ಆ ತಪ್ಪನ್ನು ಮಕ್ಕಳೇ ಹಿಡಿದು ತಿದ್ದುವಾಗ ಕಾಗುಣಿತ, ಅಲ್ಪಪ್ರಾಣ-ಮಹಾಪ್ರಾಣದ ಪಾಠ ತಾನಾಗಿ ಆಗುತ್ತದೆ. ಮಕ್ಕಳ ಹೆಸರು, ಫೋಟೋ ಹಾಕುವುದು ಬೇಡ; ಶಾಲೆಯ ಹೆಸರು ಸಾಕು. ಸಿರುಗುಪ್ಪ, ಕುರುಗೋಡಿನ ಶಾಲೆಗಳು ತಮ್ಮ ತಮ್ಮ ಊರಿನ ಸಂಗತಿ ಸೇರಿಸಿದರೆ ಯಾವ ಪಠ್ಯಪುಸ್ತಕದಲ್ಲೂ ಇಲ್ಲದ ಭೂಗೋಳ ತಯಾರಾಗುತ್ತದೆ.

ಇಲಾಖೆಗೆ ನನ್ನ ಬೇಡಿಕೆ ಎರಡೇ. ಕೋಯರ್‌ನಂಥ ತಾಣದಲ್ಲಿ ಬರೆದ ಪುಟವನ್ನು ಶಿಕ್ಷಕರ ಸೇವಾ ತರಬೇತಿಯ ಲೆಕ್ಕಕ್ಕೆ ಹಿಡಿಯಲಿ. ಶಿಕ್ಷಕರಿಂದ ಪಿಡಿಎಫ್ ಕೇಳುವುದನ್ನು ನಿಲ್ಲಿಸಿ, ಯೂನಿಕೋಡ್‌ನಲ್ಲಿ ತಿದ್ದಬಹುದಾದ ಬರಹವನ್ನೇ ಕೇಳಲಿ.