ಕಡಲಿಗಿಳಿದ ಹೊಗೆ

ಸರಕಿನ ಹಡಗುಗಳು ಉರಿಸುವ ಎಣ್ಣೆಯಲ್ಲಿ ಶೇಕಡಾ 3.5ರವರೆಗೆ ಇರಬಹುದಾಗಿದ್ದ ಗಂಧಕವು 2020ರ ಜನವರಿ 1ರಿಂದ ಶೇಕಡಾ 0.5ನ್ನು ಮೀರಕೂಡದೆಂದು ಅಂತರರಾಷ್ಟ್ರೀಯ ಸಾಗರಯಾನ ಸಂಸ್ಥೆ ವಿಧಿಸಿದ ನಿಯಮವನ್ನು, ಪರಿಸರ ಶಾಸನಗಳ ಚರಿತ್ರೆಯಲ್ಲಿ ಅಪೂರ್ವವಾದ ಯಶಸ್ಸೆಂದು ಕೊಂಡಾಡುವವರು ಬಹುಮಂದಿ ಇದ್ದಾರೆ; ಅವರ ಮಾತಿನಲ್ಲಿ ಸತ್ಯಾಂಶ ಇಲ್ಲದಿಲ್ಲ. ಬಾವುಟ ಯಾವ ದೇಶದ್ದೇ ಆಗಿರಲಿ, ನಡುಗಡಲಿನಲ್ಲಿ ಪಣಂಬೂರಿಗೆ ಬರುವ ಕಲ್ಲಿದ್ದಲಿನ ಹಡಗಿಗೂ ರಾಟರ್‌ಡ್ಯಾಮಿಗೆ ಹೋಗುವ ಕಂಟೇನರ್ ಹಡಗಿಗೂ ಕಟ್ಟಳೆ ಒಂದೇ. ಎಣ್ಣೆ ತುಂಬಿಸಿಕೊಂಡಾಗಲೆಲ್ಲ ಅದರ ಗಂಧಕದ ಪ್ರಮಾಣವನ್ನು ಬರೆದ ರಸೀದಿಯನ್ನು ಮೂರು ವರ್ಷ ಕಾಪಾಡಬೇಕು. ಮೊಹರು ಮಾಡಿದ ಮಾದರಿಯ ಸೀಸೆಯನ್ನೂ ಜೊತೆಗಿಟ್ಟಿರಬೇಕು. ಅಧಿಕಾರಿ ಬಂದು ಕೇಳಿದರೆ ಜಾರಿಕೊಳ್ಳಲು ದಾರಿಯಿಲ್ಲ. ಸುಲಭವಾಗಿ ಅಳೆಯಬಲ್ಲ ಒಂದೇ ಸಂಗತಿಯನ್ನು ಹಿಡಿದು ಅದನ್ನೇ ವಿಧಿಸಿದುದು ಈ ನಿಯಮದ ಗುಣ. ಅದರ ದೋಷದ ಮೂಲವೂ ಅದೇ ಎಂಬುದು ನನ್ನ ಅಭಿಪ್ರಾಯ.

ಆ ಹಳೆಯ ಎಣ್ಣೆ ಎಂಥದೆಂಬುದು ಇಂಜಿನ್ ಕೋಣೆಗೆ ಇಳಿದು ನೋಡಿದವರಿಗಲ್ಲದೆ ಸುಲಭವಾಗಿ ತಿಳಿಯದು. ಕಚ್ಚಾ ತೈಲದಿಂದ ಪೆಟ್ರೋಲು, ಸೀಮೆಎಣ್ಣೆ, ಡೀಸೆಲುಗಳನ್ನೆಲ್ಲ ಬಟ್ಟಿಯಿಳಿಸಿಕೊಂಡ ಮೇಲೆ ತಳದಲ್ಲಿ ನಿಲ್ಲುವ ಗಷ್ಟು ಅದು. ತಣ್ಣಗಿರುವಾಗ ಡಾಂಬರಿನಂತೆ ಗಟ್ಟಿಕಟ್ಟಿ ಅಲುಗದ ಆ ಕರಿಯ ದ್ರವ್ಯವನ್ನು, ತೊಟ್ಟಿಯೊಳಗೆ ಹಾಯಿಸಿದ ಉಗಿಯ ಕೊಳವೆಗಳಿಂದ ಕಾಯಿಸಿ ಹರಿಯುವಂತೆ ಮಾಡಿ, ರಭಸದಿಂದ ಸುತ್ತುವ ಶೋಧಕಯಂತ್ರದಲ್ಲಿ ಅದರ ನೀರನ್ನೂ ಕಸವನ್ನೂ ಬೇರ್ಪಡಿಸಿ, ಕಡೆಗೆ ನೂರಮೂವತ್ತು ಡಿಗ್ರಿಯ ಆಸುಪಾಸಿಗೆ ಕಾವೇರಿಸಿದ ಹೊರತು ಇಂಜಿನ್ನು ಅದನ್ನು ಸ್ವೀಕರಿಸುವುದಿಲ್ಲ. ನೆಲದ ಮೇಲೆ ಹೀಗೆಯೇ ಉರಿಸಲು ಕೊಳ್ಳುವವರು ವಿರಳರಾದ ವಸ್ತುವನ್ನು ಹಡಗುಗಳು ಅಗ್ಗದ ಬೆಲೆಗೆ ಕೊಂಡು, ನೋಡುವವರಿಲ್ಲದ ನಡುಗಡಲಿನಲ್ಲಿ ಸುಟ್ಟು ಮುಗಿಸುತ್ತಿದ್ದುವು. ಆದರೆ ಹೊಗೆ ನಡುಗಡಲಿನಲ್ಲಿಯೇ ನಿಲ್ಲುವುದಲ್ಲವಷ್ಟೆ. ಅದರ ಸೂಕ್ಷ್ಮಕಣಗಳಿಂದ ವರ್ಷಕ್ಕೆ ಸುಮಾರು 60,000 ಮಂದಿ ಅಕಾಲಮೃತ್ಯುವಿಗೆ ಈಡಾಗುತ್ತಾರೆಂದೂ, ಅವರಲ್ಲಿ ಹೆಚ್ಚಿನವರು ಯೂರೋಪು, ಪೂರ್ವ ಏಷ್ಯಾ ಮತ್ತು ದಕ್ಷಿಣ ಏಷ್ಯಾದ ಕರಾವಳಿಗಳವರೆಂದೂ ಜೇಮ್ಸ್ ಕಾರ್ಬೆಟ್ ಮತ್ತು ಅವರ ಸಂಗಡಿಗರು 2007ರಲ್ಲಿ ಅಂದಾಜು ಮಾಡಿದ್ದರು. ಇಂಥ ಹೊಗೆಯ ಗಂಧಕದ ಮಿತಿಯನ್ನು ಏಳನೆಯ ಒಂದು ಪಾಲಿಗೆ ಇಳಿಸಿದ ಶಾಸನವನ್ನು ಲಘುವಾಗಿ ಕಾಣಲಾಗದು. ಆದರೂ, ಅದೇ 2020ರ ಏಪ್ರಿಲ್‌ನಲ್ಲಿ ನಮ್ಮ ರಸ್ತೆಗಳಿಗೆ ಬಂದ ಬಿಎಸ್-6 ಡೀಸೆಲಿನಲ್ಲಿ ಹತ್ತು ಲಕ್ಷ ಭಾಗಕ್ಕೆ 10 ಭಾಗ ಗಂಧಕಕ್ಕೆ ಮಾತ್ರ ಅವಕಾಶವಿದ್ದು, ಹಡಗಿನ ಹೊಸ ಎಣ್ಣೆಯಲ್ಲಿ 5,000 ಭಾಗ ಇರಬಹುದೆಂಬುದನ್ನು ನೆನೆದರೆ, ಕೊಂಡಾಟಕ್ಕೆ ಒಂದು ಮಿತಿ ಬೇಕೆನಿಸುತ್ತದೆ.

ನಿಯಮದ ಒಳಗೇ ಒಂದು ಕಿಂಡಿಯೂ ಇದ್ದಿತು. ಗಂಧಕ ಕಡಮೆಯ ಎಣ್ಣೆಯನ್ನೇ ಕೊಳ್ಳಬೇಕೆಂದಿಲ್ಲ, ಅದಕ್ಕೆ ಸಮಾನವಾದ ಫಲವನ್ನು ಕೊಡುವ ಉಪಾಯವನ್ನು ಹೂಡಿದರೂ ಆದೀತು ಎಂಬುದು ಆ ವಿಧಿ. ಆ ಉಪಾಯಕ್ಕೆ ಹಡಗಿನವರು ಸ್ಕ್ರಬ್ಬರ್ ಎನ್ನುತ್ತಾರೆ. ಹೊಗೆಕೊಳವೆಯ ಮಾರ್ಗದಲ್ಲಿ ಒಂದು ಉಕ್ಕಿನ ಗೋಪುರವನ್ನು ನಿಲ್ಲಿಸಿ, ಮೇಲೇರುವ ಬಿಸಿಹೊಗೆಯ ಮೇಲೆ ಪಂಪುಗಳಿಂದ ಎತ್ತಿದ ಸಮುದ್ರದ ನೀರನ್ನು ಸಿಂಪಡಿಸಿದರೆ, ಗಂಧಕದ ಅನಿಲ ನೀರಿನಲ್ಲಿ ಕರಗಿ ಆಮ್ಲವಾಗುತ್ತದೆ. ಕಡಲನೀರಿಗೆ ಸಹಜವಾಗಿಯೇ ಇರುವ ಕ್ಷಾರಗುಣ ಆ ಆಮ್ಲವನ್ನು ಶಮನ ಮಾಡುತ್ತದೆ. ಕೊಳವೆಯ ತುದಿಯಲ್ಲಿ ಬಿಳಿಯ ಆವಿ ಹೊರಡುತ್ತದೆ. ತೊಳೆದ ನೀರೋ, ಹಡಗಿನ ಪಕ್ಕದ ರಂಧ್ರದಿಂದ ಮರಳಿ ಕಡಲಿಗೆ! ಅದನ್ನು ಹಡಗಿನಲ್ಲಿಯೇ ಉಳಿಸಿಕೊಂಡು ಶುದ್ಧೀಕರಿಸುವ ಬಗೆಯೂ ಉಂಟು. ವೆಚ್ಚ ಹೆಚ್ಚಾದುದರಿಂದ ಬಹುಪಾಲು ಹಡಗುಗಳು ಹೊರಗೆ ಬಿಡುವ ಬಗೆಯನ್ನೇ ಹಿಡಿದುವು. ಹಳೆಯ ಎಣ್ಣೆಗೂ ಹೊಸ ಎಣ್ಣೆಗೂ ಇರುವ ಬೆಲೆಯ ಅಂತರದಲ್ಲಿಯೇ ಯಂತ್ರದ ದುಡ್ಡು ಹುಟ್ಟಿಬರುತ್ತದೆಂದು ಲೆಕ್ಕ ಹಾಕಿದ ಮಾಲೀಕರು ಸಾವಿರಾರು ಹಡಗುಗಳಿಗೆ ಇದನ್ನು ಕೂರಿಸಿದರು.

ಇದರ ಪಕ್ಷದವರು ಹೇಳುವುದನ್ನು ಕೇಳದೆ ತೀರ್ಪು ಕೊಡುವುದು ನ್ಯಾಯವಲ್ಲ. ಸಮುದ್ರದಲ್ಲಿ ಸಲ್ಫೇಟು ಅಪಾರವಾಗಿದೆ, ಹಡಗು ಸೇರಿಸುವ ಅಲ್ಪಾಂಶದಿಂದ ಏನೂ ಕೆಡದು ಎಂಬ ಅವರ ವಾದ, ಸಲ್ಫೇಟಿನ ಮಟ್ಟಿಗೆ, ಸರಿಯಾದುದೇ. ಆದರೆ ಹೊಗೆಯಲ್ಲಿ ಇದ್ದುದು ಗಂಧಕವೊಂದೇ ಅಲ್ಲ. ಗಷ್ಟಿನಲ್ಲಿ ಸಾಂದ್ರವಾಗಿದ್ದ ವನೇಡಿಯಂ, ನಿಕ್ಕಲ್‌ಗಳೂ, ಅರೆಬೆಂದ ಎಣ್ಣೆಯ ವಿಷಯುಕ್ತ ಹೈಡ್ರೋಕಾರ್ಬನ್ನುಗಳೂ ಅದೇ ನೀರಿನಲ್ಲಿ ಇಳಿದುಹೋಗುತ್ತವೆ. ಹಡಗುಗಳ ದಟ್ಟಣೆಯಿರುವ ಬಂದರಿನ ಬಾಯಿಯಲ್ಲಿ, ನೀರಿನ ಹರಿದಾಟ ಕಡಮೆಯಾದ ಬಾಲ್ಟಿಕ್‌ನಂಥ ಕಡಲಿನಲ್ಲಿ, ಅವು ಕೂಡುತ್ತ ಹೋಗುತ್ತವೆ. ಗಾಳಿಯ ಲೆಕ್ಕದ ಪುಸ್ತಕದಲ್ಲಿ ಖರ್ಚು ಹಾಕಿ ನೀರಿನ ಪುಸ್ತಕದಲ್ಲಿ ಜಮಾ ಬರೆಯದೆ ಬಿಟ್ಟ ಶಾನುಭೋಗಿಕೆ ಇದು. ಸಿಂಗಪುರ 2020ರ ಮೊದಲ ದಿನದಿಂದಲೇ ತನ್ನ ಬಂದರಿನಲ್ಲಿ ಈ ನೀರನ್ನು ಬಿಡಗೊಡಲಿಲ್ಲ; ಡೆನ್ಮಾರ್ಕು 2025ರ ಜುಲೈಯಿಂದ ತನ್ನ ತೀರದ 12 ನಾಟಿಕಲ್ ಮೈಲಿಯೊಳಗೆ ನಿಷೇಧಿಸಿತು. ಹದಿಮೂರನೆಯ ಮೈಲಿಯಲ್ಲಿ ಅದೇ ಹಡಗು ಅದೇ ಕವಾಟವನ್ನು ತೆರೆಯಲು ಆ ನಿಷೇಧದ ಅಡ್ಡಿಯೇನೂ ಇಲ್ಲ.

ಎಣ್ಣೆಗೆ ಬದಲಾಗಿ ಕೆಲವು ಹಡಗುಗಳು ಉರಿಸುವ ದ್ರವೀಕೃತ ನೈಸರ್ಗಿಕ ಅನಿಲದ ಕಥೆಯೂ ಇದಕ್ಕಿಂತ ತೀರ ಭಿನ್ನವಲ್ಲ. ಅದರಲ್ಲಿ ಗಂಧಕವಿಲ್ಲವೆನ್ನುವಷ್ಟು ಕಡಮೆ, ಮಸಿಯೂ ಕಡಮೆ. ಆದರೆ ಕೆಲವು ಬಗೆಯ ಇಂಜಿನುಗಳಲ್ಲಿ ಅನಿಲದ ಒಂದಂಶ ಉರಿಯದೆ ಹಾಗೆಯೇ ಹೊರಬೀಳುತ್ತದೆ, ಆ ಮೀಥೇನು ಇಂಗಾಲಾಮ್ಲಕ್ಕಿಂತ ಎಷ್ಟೋ ಪಾಲು ಹೆಚ್ಚಾಗಿ ಶಾಖವನ್ನು ಹಿಡಿದಿಡುತ್ತದೆ. 2023ರಲ್ಲಿ ನೀರಿಗಿಳಿದ ಮರ್ಸ್ಕ್ ಕಂಪನಿಯ ಹಡಗಿನಂತೆ ಮೆಥನಾಲಿನಿಂದ ನಡೆಯುವವು ಮೆಚ್ಚತಕ್ಕವೇ. ಆದರೆ ಆ ಮೆಥನಾಲನ್ನು ಕಲ್ಲಿದ್ದಲಿನಿಂದ ತಯಾರಿಸಿದ್ದಾದರೆ ಮೆಚ್ಚುವುದಕ್ಕೆ ಏನೂ ಉಳಿಯುವುದಿಲ್ಲ.

ಇಂಧನವು ಹುಟ್ಟುವ ಸ್ಥಳದಿಂದ ಹಡಗಿನ ಹಿಂದಿನ ನೊರೆಯವರೆಗೂ ಹಸಿರುಮನೆ ಅನಿಲಗಳ ಭಾರವನ್ನು ಎಣಿಸಿ, ಮಿತಿ ಮೀರಿದವರಿಂದ ಹಣ ಪಡೆಯುವ ಹೊಸ ವ್ಯವಸ್ಥೆಯೊಂದನ್ನು ಅಂತರರಾಷ್ಟ್ರೀಯ ಸಾಗರಯಾನ ಸಂಸ್ಥೆಯೇ 2025ರ ಏಪ್ರಿಲ್‌ನಲ್ಲಿ ಒಪ್ಪಿದುದನ್ನು, ಹಿಂದಿನ ನಿಯಮದ ಕುರುಡುತನವನ್ನು ಕೊಂಚಮಟ್ಟಿಗಾದರೂ ಕಂಡುಕೊಂಡುದರ ಫಲವೆಂದು ನಾನು ಭಾವಿಸುತ್ತೇನೆ; ನೀರಿಗೆ ಇಳಿಯುವ ಲೋಹಗಳ ಮಾತು ಅದರಲ್ಲಿಯೂ ಇಲ್ಲ ಎಂಬುದು ಬೇರೆ. ಆದರೆ ಅದೇ ವರ್ಷದ ಅಕ್ಟೋಬರ್‌ನಲ್ಲಿ ಲಂಡನ್ನಿನಲ್ಲಿ ಸೇರಿದ ಸಭೆ, ಅಮೆರಿಕ ಮತ್ತು ಸೌದಿ ಅರೇಬಿಯಗಳ ಪ್ರಬಲ ವಿರೋಧದ ನಡುವೆ, ಅದರ ಅಂತಿಮ ಅಂಗೀಕಾರವನ್ನು ಒಂದು ವರ್ಷ ಮುಂದೂಡಿತು. ಕಾಲು ಶತಮಾನ ಬಾಳುವ ಹಡಗಿಗೆ ಯಾವ ಇಂಧನದ ತೊಟ್ಟಿಯನ್ನು ಕಟ್ಟಿಸಬೇಕೆಂಬುದನ್ನು ಮಾಲೀಕರು ಅಷ್ಟು ದಿನ ಕಾದು ನಿರ್ಧರಿಸಲಾರರು. ಹಲವರು ಈಗಾಗಲೇ ಅನಿಲದ ಕಡೆಗೆ ಒಲಿದು ಹಡಗು ಕಟ್ಟಿಸಲು ಮುಂಗಡ ಕೊಟ್ಟಿದ್ದಾರೆ.