ಚೀಲದೊಳಗಿನ ಕಾಫಿ, ಸರಪಳಿಯೊಳಗಿನ ಲೆಕ್ಕ

2019ರ ಮಾರ್ಚ್‌ನಲ್ಲಿ ಕಾಫಿ ಮಂಡಳಿ ಬ್ಲಾಕ್‌ಚೈನ್ ಆಧಾರಿತ ಕಾಫಿ ಮಾರುಕಟ್ಟೆಯೊಂದನ್ನು ಪ್ರಾಯೋಗಿಕವಾಗಿ ತೆರೆಯಿತು. ಬೆಳೆಗಾರ ಮತ್ತು ಕೊಳ್ಳುವವರ ನಡುವಿನ ಕೈಗಳು ಕಡಿಮೆಯಾಗಬೇಕು, ಲೋಟದಲ್ಲಿರುವ ಕಾಫಿ ಯಾವ ತೋಟದ್ದೆಂದು ಕುಡಿಯುವವರಿಗೆ ಗೊತ್ತಾಗಬೇಕು ಎಂಬುದು ಉದ್ದೇಶ. ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದ್ದೂ ಅದೇ ಹೊತ್ತಿಗೆ. ಆಶಯ ಒಳ್ಳೆಯದು, ಬೆಳೆಗಾರನಿಗೆ ಅದು ಬೇಕೇ ಬೇಕು. ಆದರೆ ಅವನು ಸೋಲುವ ಜಾಗ ಯಾವುದು, ಈ ತಂತ್ರಾಂಶ ಮುಟ್ಟುವ ಜಾಗ ಯಾವುದು ಎಂದು ನೋಡಬೇಕು.

ಒಣಗಿದ ರೋಬಸ್ಟಾ ಚೆರ್ರಿ 50 ಕೆ.ಜಿ. ಚೀಲದ ಲೆಕ್ಕದಲ್ಲಿ ಮಾರಾಟವಾಗುತ್ತದೆ. ವ್ಯಾಪಾರಿ ಒಂದಿಷ್ಟು ಸ್ಯಾಂಪಲ್ ತೆಗೆದು, ಸಿಪ್ಪೆ ಬಿಡಿಸಿ, ಬೀಜ ತೂಗಿ ಔಟ್‌ಟರ್ನ್ ಹೇಳುತ್ತಾನೆ. ಚೀಲಕ್ಕೆ 26 ಕೆ.ಜಿ. ಬೀಜವೋ 28 ಕೆ.ಜಿ.ಯೋ ಎಂಬುದರ ಮೇಲೆ ದುಡ್ಡು ನಿಂತಿದೆ. ಆಮೇಲೆ ತೇವಾಂಶದ ಮೀಟರ್. ಕಣದಲ್ಲಿ ದಿನಗಟ್ಟಲೆ ಒಣಗಿಸಿದವನ ಎದುರೇ ಅದು ಹೆಚ್ಚು ತೋರಿಸಿತೋ, ರೇಟು ಇಳಿಯಿತು. ಬ್ಲಾಕ್‌ಚೈನ್ ಮಾಡುವುದು ಇದಾದ ಮೇಲಿನ ಕೆಲಸ. ಪ್ರತಿ ಬ್ಲಾಕ್ ತನ್ನ ಹಿಂದಿನದರ ಗುರುತನ್ನು ಹೊತ್ತಿರುತ್ತದೆ, ಪ್ರತಿಗಳು ಹಲವು ಕಂಪ್ಯೂಟರ್‌ಗಳಲ್ಲಿರುತ್ತವೆ, ಹಾಗಾಗಿ ಬರೆದದ್ದನ್ನು ಗುಟ್ಟಾಗಿ ತಿದ್ದುವುದು ಬಲು ಕಷ್ಟ. ಆದರೆ 28 ಇದ್ದದ್ದನ್ನು 26 ಎಂದು ಬರೆದರೆ ಆ 26ನ್ನೂ ಅದು ಅಷ್ಟೇ ನಿಷ್ಠೆಯಿಂದ ಕಾಯುತ್ತದೆ.

ಬ್ಲಾಕ್‌ಚೈನ್ ಮೇಲೆ ನಿಂತ ಡಿಜಿಟಲ್ ನಾಣ್ಯ ಬಿಟ್‌ಕಾಯಿನ್ 2009ರಿಂದ ನಡೆಯುತ್ತಿರುವುದಕ್ಕೆ ಕಾರಣವೂ ಇಲ್ಲೇ ಇದೆ. ಆ ನಾಣ್ಯ ಹುಟ್ಟುವುದು, ಕೈ ಬದಲಾಯಿಸುವುದು ಎಲ್ಲ ಸರಪಳಿಯೊಳಗೇ. ಅದರ ಬೆಲೆಯ ಏರಿಳಿತ ಬೇರೆ ಮಾತು. ಲೆಕ್ಕ ಮಾತ್ರ ಗಟ್ಟಿ. ಕಾಫಿ ಇರುವುದು ಚೀಲದಲ್ಲಿ.

ಹೊರದೇಶದ ಎರಡು ಪ್ರಯೋಗಗಳನ್ನೂ ನೋಡೋಣ. ವಾಲ್‌ಮಾರ್ಟ್ ಐಬಿಎಂ ಜೊತೆ ಸೇರಿ ಮಾವಿನಹಣ್ಣಿನ ಮೂಲ ಹುಡುಕಿದಾಗ, ಸುಮಾರು 7 ದಿನ ಹಿಡಿಯುತ್ತಿದ್ದ ಕೆಲಸ 2.2 ಸೆಕೆಂಡಿಗೆ ಇಳಿಯಿತು. ನಿಜವಾದ ಸಾಧನೆ. ಆದರೆ ಅಲ್ಲಿ ಸರಬರಾಜುದಾರರೆಲ್ಲ ಒಬ್ಬನೇ ದೊಡ್ಡ ಗಿರಾಕಿಯ ಮಾತು ಕೇಳಿ ವಿವರ ತುಂಬಿದರು. ಸಾಮಾನ್ಯ ಡೇಟಾಬೇಸ್ ಇಟ್ಟಿದ್ದರೂ ಫಲ ಹೆಚ್ಚುಕಡಿಮೆ ಇದೇ ಆಗುತ್ತಿತ್ತು ಎಂಬುದು ನನ್ನ ಅನಿಸಿಕೆ. ಅಂಥ ಯಜಮಾನನಿಲ್ಲದ ಕಡೆ ಏನಾಯಿತು? ಹಡಗು ಕಂಪನಿ ಮರ್ಸ್ಕ್ ಮತ್ತು ಐಬಿಎಂ 2018ರಲ್ಲಿ ಸರಕು ಸಾಗಣೆಗೆಂದು ತಂದ ಟ್ರೇಡ್‌ಲೆನ್ಸ್ ಅನ್ನು ಮುಚ್ಚುವುದಾಗಿ 2022ರ ನವೆಂಬರ್‌ನಲ್ಲಿ ಪ್ರಕಟಿಸಿದವು. ಇಡೀ ಉದ್ಯಮದ ಪೂರ್ಣ ಸಹಕಾರ ಸಿಗಲಿಲ್ಲ ಎಂಬುದೇ ಅವರು ಕೊಟ್ಟ ಕಾರಣ. ಕೋಡ್ ಕೆಟ್ಟಿತೆಂದು ಯಾರೂ ಹೇಳಲಿಲ್ಲ.

ಸಹಕಾರ ಸಿಕ್ಕ ಕಡೆಯನ್ನೂ ನೋಡಿ. ನಮ್ಮ ಯುಪಿಐ 2023ರ ಆಗಸ್ಟ್ ಒಂದೇ ತಿಂಗಳಲ್ಲಿ 1,000 ಕೋಟಿಗೂ ಹೆಚ್ಚು ವಹಿವಾಟು ನಡೆಸಿತು. ಅದಕ್ಕೆ ಬ್ಲಾಕ್‌ಚೈನ್ ಬೇಕಾಗಲಿಲ್ಲ. ಬ್ಯಾಂಕುಗಳೆಲ್ಲ ಒಪ್ಪುವ ನಡುವಣ ಸಂಸ್ಥೆಯೊಂದು ಇತ್ತು, ಸಾಕಾಯಿತು.

ಹಾಗೆಂದು ಕಾಫಿಗೆ ಬ್ಲಾಕ್‌ಚೈನ್ ದಂಡ ಎನ್ನಲಾರೆ. ಪರಸ್ಪರ ನಂಬದ ಬೆಳೆಗಾರ, ಬೀಜ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್, ರಫ್ತುದಾರ, ವಿದೇಶಿ ರೋಸ್ಟರ್ ಒಂದೇ ಲೆಕ್ಕ ನೋಡುವಂತಾದರೆ ಅದಕ್ಕೆ ಬೆಲೆಯಿದೆ. ಆದರೆ ಅದು ಎರಡನೆಯ ಹೆಜ್ಜೆ. ಊರಿನ ಹತ್ತಿರವೇ ಬೆಳೆಗಾರರ ಸಂಘದ ಹಿಡಿತದಲ್ಲೊಂದು ತಕ್ಕಡಿ, ಪರೀಕ್ಷಿಸಿದ ಮೀಟರ್, ಇಬ್ಬರೂ ಸಹಿ ಹಾಕಿದ ಔಟ್‌ಟರ್ನ್ ಚೀಟಿ ಮೊದಲು ಬರಬೇಕು. ನಿಮ್ಮ ತೋಟಕ್ಕೆ ಹೊಸ ಆ್ಯಪ್ ಹಿಡಿದು ಯಾರಾದರೂ ಬಂದರೆ, ಫೋನಿನ ಪರದೆ ನೋಡುವ ಮುಂಚೆ ಒಂದು ಮಾತು ಕೇಳಿ: ತೇವಾಂಶ ಅಳೆಯುವವರು ಯಾರು?